ಪೆಟ್ಟಿಗೆಯ ಮೇಲಿನ ಕೆಂಪು ಬಾಣ

ಗುಡ್ಡಕ್ಕೆ ಎರಡು ಗೂಟ ಹೊಡೆದಿದ್ದೆವು. ಪಡುವಣ ಇಳಿಜಾರಿನ ಗೂಟ ಅವನದು, ಮೂಡಣದ್ದು ನನ್ನದು. ಲಿಂಗಸುಗೂರಿನಿಂದ ಮಸ್ಕಿಗೆ ಹೋಗುವ ದಾರಿ ಬಿಟ್ಟು ಒಳಗೆ ಹೋದರೆ, ಸಜ್ಜೆ, ತೊಗರಿ ಹೊಲಗಳ ನಡುವೆ ಆ ಕಪ್ಪು ಗುಡ್ಡವಿದೆ. ಅದರ ಕೆಳಗೆ ಚಿನ್ನದ ಅದಿರು ಇದೆ ಎಂಬುದು ಆಗಲೇ ಗೊತ್ತಾಗಿತ್ತು. ಎಷ್ಟಿದೆ ಎಂದು ಹೇಳುವವರು ಬೇರೆ ಇದ್ದರು. ನೆಲ ಎಂಥದು ಎಂದು ಹೇಳುವುದು ಭೂವಿಜ್ಞಾನಿಗಳಾದ ನಮ್ಮಿಬ್ಬರ ಕೆಲಸ. ಒಳಕ್ಕೆ ಇಳಿಯುವ ಸುರಂಗದ ಬಾಯಿಯನ್ನು ಎಲ್ಲಿ ತೆರೆದರೆ ಬಂಡೆ ನಿಲ್ಲುತ್ತದೆ, ಎಲ್ಲಿ ತೆರೆದರೆ ಕೆಲಸದವರ ಮೇಲೆ ಜಾರಿ ಬೀಳುತ್ತದೆ ಎಂಬುದನ್ನು ನಾವು ಬರೆದುಕೊಡಬೇಕಿತ್ತು.

ಯೋಜನೆಯ ಮುಖ್ಯಸ್ಥರು ಮೊದಲ ಸಭೆಯಲ್ಲೇ ಹೇಳಿದ್ದರು: “ಯಾರ ಗೂಟ ನಿಲ್ಲುತ್ತದೋ ಸುರಂಗದ ಹೊಣೆ ಅವರಿಗೆ.”

ಆ ಹೊಣೆ ನನಗೆ ಬೇಕಿತ್ತು. ಬೇರೆಯವರು ತೆರೆದ ಸುರಂಗಗಳಲ್ಲಿ ಬಂಡೆ ಅಳೆದು ವರದಿ ಬರೆದವಳು ನಾನು. ನನ್ನ ಮಾತಿನ ಮೇಲೆ ತೆರೆದ ಸುರಂಗ ಒಂದೂ ಇರಲಿಲ್ಲ.

ಅವನ ಊರು ಸಿಂಧನೂರಿನ ಹತ್ತಿರದ ಗೊರೇಬಾಳ. ಸೈಟಿನಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ಗೊರೇಬಾಳ ಸಾಹೇಬ. ನನಗಿಂತ ಕೆಲವು ವರ್ಷ ಚಿಕ್ಕವನು. ಊರಿನಿಂದ ಬೈಕಿನಲ್ಲಿ ಬರುತ್ತಿದ್ದ. ಬರುವಾಗ ಮಸ್ಕಿಯಲ್ಲಿ ನಿಲ್ಲಿಸಿ ಎಲ್ಲರಿಗೂ ವಗ್ಗರಣಿ ಮಂಡಕ್ಕಿ, ಮಿರ್ಚಿ ಭಜಿ ಕಟ್ಟಿಸಿಕೊಂಡು ಬರುತ್ತಿದ್ದ. ಯಂತ್ರ ನಡೆಸುವವರ ಮಕ್ಕಳಲ್ಲಿ ಯಾರು ಯಾವ ತರಗತಿಯಲ್ಲಿದ್ದಾರೆ, ಯಾರ ಹೆಂಡತಿಗೆ ಹೆರಿಗೆ ಯಾವಾಗ, ಎಲ್ಲವೂ ಅವನಿಗೆ ಗೊತ್ತು. ಹೀಗೆ ಬೆರೆಯುವವರು ಸಾಮಾನ್ಯವಾಗಿ ಕೆಲಸದಲ್ಲಿ ಸಡಿಲ ಇರುತ್ತಾರೆ ಎಂದು ನಾನು ಸಮಾಧಾನ ಪಟ್ಟುಕೊಳ್ಳಬಹುದಿತ್ತು. ಅದಕ್ಕೂ ಆಸ್ಪದವಿರಲಿಲ್ಲ. ಅವನು ಬಿಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗುಡ್ಡದ ಅಡ್ಡಸೀಳು ಬರೆದರೆ, ಒಳಗಿನ ಬಂಡೆ ಪದರಪದರವಾಗಿ ಎದುರಿಗೆ ಬಂದು ನಿಲ್ಲುತ್ತಿತ್ತು. ಅದೇ ಚಿತ್ರವನ್ನು ನಾನು ಕಂಪ್ಯೂಟರಿನಲ್ಲಿ ಎರಡು ದಿನ ಕೂತು ತೆಗೆದರೆ ಅದು ಚಿತ್ರವಾಗಿಯೇ ಉಳಿಯುತ್ತಿತ್ತು.

ನಾನು ಲಿಂಗಸುಗೂರಿನವಳೇ. ಅವನು ಆಡುವ ಮಾತೇ ನನ್ನದೂ. ಆದರೆ ನಾನು ಮಾತಾಡಿಸಿದರೆ ಯಂತ್ರದ ಜನ ಎದ್ದು ನಿಲ್ಲುತ್ತಿದ್ದರು. ಅವನು ಮಾತಾಡಿಸಿದರೆ ಕೂತುಕೊಳ್ಳುತ್ತಿದ್ದರು.

ಗುಡ್ಡದ ಬುಡದಲ್ಲಿ ಕುರಿ ಮೇಯಿಸುವ ಹೆಂಗಸೊಬ್ಬಳಿದ್ದಳು. ಅವನು ಕಂಡರೆ ಸಾಕು, ಬುತ್ತಿ ಬಿಚ್ಚುತ್ತಿದ್ದಳು. ಒಂದು ಬಿಸಿಲಲ್ಲಿ ನಾನೊಬ್ಬಳೇ ಹೋದಾಗ ನನಗೂ ಮಜ್ಜಿಗೆ ಕೊಟ್ಟಳು. ಕುಡಿಯುವವರೆಗೂ ನೋಡುತ್ತಿದ್ದು, ಆಮೇಲೆ ಕೇಳಿದಳು: “ನೀ ಗೊರೇಬಾಳ ಸಾಹೇಬ್ರ ಕೈಕೆಳಗ ಕೆಲಸ ಮಾಡ್ತಿ ಏನವ್ವಾ?”

“ಇಲ್ಲವ್ವಾ. ಇಬ್ರೂ ಒಂದೇ.”

“ಹೌದೇನು,” ಅಂದಳು. ನಂಬಿದಂತೆ ಕಾಣಲಿಲ್ಲ.

ಈ ಕೆಲಸಕ್ಕೆ ಬರುವ ಮೊದಲು ಸ್ವಲ್ಪ ಕಾಲ ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಕಂಡದ್ದು, ಕೇಳಿದ್ದು, ಊಹಿಸಿದ್ದು ಈ ಮೂರನ್ನೂ ಒಂದೇ ವಾಕ್ಯದಲ್ಲಿ ಹಾಕಬಾರದು ಎಂದು ಅಲ್ಲಿ ಕಲಿತೆ. ಆದ್ದರಿಂದ ಮುಂದಿನದನ್ನು ಹಾಗೆಯೇ ಬರೆಯುತ್ತೇನೆ. ಹೊಟ್ಟೆಕಿಚ್ಚು ಮೂರನೆಯ ಸಾಲಿಗೆ ಸೇರುವುದಿಲ್ಲ. ಅದು ಊಹೆಯಲ್ಲ, ಇದ್ದೇ ಇತ್ತು.

ಕಂಡದ್ದು ಇಷ್ಟು. ಪಡುವಣ ಇಳಿಜಾರಿನ ಬುಡದಲ್ಲಿ ಒಂದು ಹಳ್ಳ ಗುಡ್ಡದ ಕಾಲನ್ನು ಕೊರೆದುಕೊಂಡು ಹರಿದಿದೆ. ಹಳ್ಳದ ದಂಡೆಯಲ್ಲಿ ಬಂಡೆ ಬಯಲಾಗಿದೆ. ಬಂಡೆಯೊಳಗೆ ನೈಸರ್ಗಿಕವಾಗಿ ಇರುವ ಸೀಳುಗಳು ಅಲ್ಲಿ ಚೆನ್ನಾಗಿ ಕಾಣುತ್ತವೆ. ಅವೆಲ್ಲ ಹಳ್ಳದ ಕಡೆಗೆ, ಅಂದರೆ ಗುಡ್ಡದ ಹೊರಕ್ಕೆ ಓರೆಯಾಗಿ ಇಳಿದಿದ್ದವು. ಹೊರಗೆ ವಾಲಿದ ಸೀಳು ಸುರಂಗದ ಬಾಯಿಗೆ ಅತಿ ಕೆಟ್ಟದ್ದು. ಒಂದರ ಮೇಲೊಂದು ಇಟ್ಟ ಹಲಗೆಗಳನ್ನು ಓರೆ ಮಾಡಿ ಕೆಳಗಿನ ಆಧಾರ ತೆಗೆದರೆ ಏನಾಗುತ್ತದೋ ಅದೇ ಆಗುತ್ತದೆ. ಸೀಳು ಗುಡ್ಡದ ಒಳಕ್ಕೆ ಇಳಿದಿದ್ದರೆ ಬಂಡೆ ತನ್ನ ಭಾರದಿಂದಲೇ ತಾನು ನಿಲ್ಲುತ್ತದೆ.

ಅವನ ವರದಿಯಲ್ಲಿ ಸೀಳುಗಳು ಒಳಕ್ಕೆ ಇಳಿದಿದ್ದವು. ಅದು ಅವನು ಕಣ್ಣಂದಾಜಿನಲ್ಲಿ ಬರೆದದ್ದಲ್ಲ. ಯಂತ್ರದಿಂದ ಕೊರೆದು ತೆಗೆದ ಕೋರ್, ಅಂದರೆ ಕೈಹಿಡಿ ದಪ್ಪದ ಉದ್ದನೆಯ ಕಲ್ಲಿನ ಕೋಲುಗಳನ್ನು ಅಳೆದು ಬರೆದದ್ದು. ನೆಲದೊಳಗೆ ಆ ಕೋಲು ಯಾವ ದಿಕ್ಕಿಗೆ ಇತ್ತು ಎಂದು ತಿಳಿಯಲು, ಮೇಲೆತ್ತುವ ಮೊದಲು ಅದರ ಕೆಳತುದಿಗೆ ಒಂದು ಗುರುತು ಹಾಕುತ್ತಾರೆ. ಆ ಗುರುತಿನಿಂದ ಕೋಲಿನುದ್ದಕ್ಕೂ ಗೆರೆ ಎಳೆದರೆ, ಸೀಳು ಯಾವ ಕಡೆಗೆ ಓರೆಯಾಗಿದೆ ಎಂದು ಲೆಕ್ಕ ಹಾಕಬಹುದು.

ಹಳ್ಳದ ದಂಡೆಗೆ ಅವನನ್ನು ಕರೆದುಕೊಂಡು ಹೋಗಿ ತೋರಿಸಿದೆ.

“ಅಕ್ಕಾ, ಇದು ಮ್ಯಾಲಿನ ಕಲ್ಲು,” ಅಂದ. ನನ್ನನ್ನು ಅಕ್ಕಾ ಎಂದು ಕರೆಯುತ್ತಿದ್ದ. ಸೈಟಿನಲ್ಲಿ ಹಾಗೆ ಕರೆಯುವವನು ಅವನೊಬ್ಬನೇ. “ಹಳ್ಳ ಕೆಳಗ ತಿಂದೈತಿ, ಮ್ಯಾಲಿಂದು ಜಾರಿ ಕುಂತೈತಿ. ಮೂಲ ಕಲ್ಲು ಒಳಗೈತಿ. ಅದು ಹಿಂಗಿಲ್ಲ.”

“ಜಾರಿ ಕೂತಿದ್ರ ನಡುವ ಮಣ್ಣು ಸೇರಬೇಕಿತ್ತಲ್ಲ?”

“ಸೇರೇ ಸೇರ್ತದಂತ ಎಲ್ಲಿ ಬರದೈತಿ?” ನಕ್ಕ. ಸುತ್ತಿಗೆಯಿಂದ ಬಂಡೆಗೆ ಒಂದು ಏಟು ಕೊಟ್ಟು ಕಿವಿ ಇಟ್ಟ. “ಟೊಳ್ಳು ಸಪ್ಪಳ. ಕೇಳ್ರಿ ಬೇಕಾರ.”

ನಾನೂ ಕೇಳಿದೆ. ನನಗೆ ಟೊಳ್ಳು ಕೇಳಿಸಲಿಲ್ಲ. ಆದರೆ ಕೇಳಿಸದೇ ಇದ್ದದ್ದು ಬಂಡೆಯಿಂದಲೋ, ಏಟು ಹಾಕಿದವನು ಅವನಾಗಿದ್ದರಿಂದಲೋ ಎಂಬ ಅನುಮಾನ ಬಂತು. ಅಂದಿನಿಂದ ಅದೇ ನನಗೆ ದೊಡ್ಡ ತೊಡಕಾಯಿತು. ಅವನು ತಪ್ಪು ಎಂದು ನನಗೆ ಅನ್ನಿಸುತ್ತಿತ್ತು. ಅವನು ತಪ್ಪಾಗಲಿ ಎಂದೂ ಅನ್ನಿಸುತ್ತಿತ್ತು. ಎರಡರಲ್ಲಿ ಯಾವುದು ಮೊದಲು ಬಂದದ್ದು ಎಂದು ಹೇಳಲು ಸಾಧ್ಯವಿರಲಿಲ್ಲ.

ಇದಕ್ಕೆ ಉಪಾಯ ಒಂದೇ, ಅಗೆದು ನೋಡುವುದು. ಹಳ್ಳದಿಂದ ದೂರ, ಅವನ ಗೂಟದ ಪಕ್ಕದಲ್ಲಿ, ಮೂಲ ಬಂಡೆ ಸಿಗುವವರೆಗೆ ಒಂದು ಕಂದಕ ತೋಡಲು ಮುಖ್ಯಸ್ಥರ ಒಪ್ಪಿಗೆ ಕೇಳಿದೆ. ಒಪ್ಪಿದರು. ಲಿಂಗಸುಗೂರಿನಿಂದ ಜೆಸಿಬಿ ತರಿಸಿದೆ. ಗುಡ್ಡಕ್ಕೆ ಹೋಗಬೇಕಾದರೆ ಕಪ್ಪು ಎರೆ ಮಣ್ಣಿನ ಹೊಲ ದಾಟಬೇಕು. ಹಿಂದಿನ ರಾತ್ರಿ ಮಳೆಯಾಗಿತ್ತು, ಮೇಲೆ ಮಾತ್ರ ಒಣಗಿದಂತೆ ಕಾಣುತ್ತಿತ್ತು. ಹೊಲದ ನಡುವೆ ಹೋಗುವಷ್ಟರಲ್ಲಿ ಜೆಸಿಬಿಯ ಹಿಂದಿನ ಗಾಲಿಗಳು ಅಚ್ಚಿನವರೆಗೆ ಇಳಿದವು. ಬಕೆಟ್ ಊರಿ ಎಬ್ಬಿಸಲು ನೋಡಿದರೆ ಮುಂದಿನವೂ ಇಳಿದವು. ಅದನ್ನು ತೆಗೆಯಲು ಇನ್ನೊಂದು ಯಂತ್ರ ಬರಬೇಕಾಯಿತು, ಅದೂ ಮರುದಿನ. ಹೊಲದವನು ಬದುವಿನ ಮೇಲೆ ಕೂತು ಇಡೀ ದಿನ ನೋಡಿದ.

ಪಡುವಣ ಗೂಟದವನೂ ಬಂದು ನೋಡಿದ. ನಗಲಿಲ್ಲ. ಹೊಲದವನ ಹೆಗಲ ಮೇಲೆ ಕೈ ಹಾಕಿ ದೂರ ಕರೆದುಕೊಂಡು ಹೋಗಿ ಏನೋ ಮಾತಾಡಿ ಸಮಾಧಾನ ಮಾಡಿ ಬಂದ. ನಕ್ಕಿದ್ದರೆ ನನಗೆ ಸುಲಭವಿತ್ತು.

“ಮಳಿ ಮುಗೀಲಿ ಅಕ್ಕಾ. ಆಮ್ಯಾಲ ನಾನs ನಿಂತು ತೋಡಸ್ತೀನಿ,” ಅಂದ.

ಮಳೆ ಮುಗಿಯುವವರೆಗೆ ಕಾಯುವಂತಿರಲಿಲ್ಲ. ಅಷ್ಟರೊಳಗೆ ಸ್ಥಳ ನಿಗದಿಯಾಗಬೇಕಿತ್ತು. ಆ ವಾರದ ಕೊನೆಯಲ್ಲಿ ಸಭೆ ಇತ್ತು. ಮುಖ್ಯಸ್ಥರ ಒಲವು ಪಡುವಣಕ್ಕೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಕಡೆಯಿಂದ ಅದಿರಿಗೆ ಹತ್ತಿರ, ರಸ್ತೆಗೂ ಹತ್ತಿರ. ನನ್ನ ಗೂಟದಿಂದ ಸುರಂಗ ಬಹಳ ಸುತ್ತಿ ಹೋಗಬೇಕಿತ್ತು. ನನ್ನ ಕಡೆಯ ಬಂಡೆ ಒಳ್ಳೆಯದು ಎಂದಷ್ಟೇ ಹೇಳಿದರೆ ಸಾಲದು. ಅವನ ಕಡೆಯದು ಕೆಟ್ಟದ್ದು ಎಂದು ತೋರಿಸಬೇಕಿತ್ತು.

ಉಳಿದದ್ದು ಕೋರ್. ಮಸ್ಕಿಯ ಹೊರಗೆ ಮುಚ್ಚಿಹೋದ ಹತ್ತಿ ಗಿರಣಿಯೊಂದನ್ನು ಬಾಡಿಗೆಗೆ ಹಿಡಿದು ಕೋರ್ ಪೆಟ್ಟಿಗೆಗಳನ್ನು ಇಟ್ಟಿದ್ದೆವು. ತೊಲೆಗಳ ಸಂದಿಯಲ್ಲಿ ಹಳೆಯ ಅರಳೆ ಇನ್ನೂ ಜೋತಾಡುತ್ತಿತ್ತು. ಗಾಳಿ ಬಂದರೆ ಅಳತೆ ತೆಗೆಯುತ್ತಿರುವ ಕಲ್ಲಿನ ಮೇಲೆ ಬಂದು ಕೂರುತ್ತಿತ್ತು. ಅವನ ಕಡೆ ಕೊರೆದ ರಂಧ್ರಗಳ ಪೆಟ್ಟಿಗೆಗಳನ್ನು ತೆಗೆಸಿದೆ. ಇಲ್ಲಿ ಇನ್ನೊಂದು ಹಿನ್ನಡೆಯಾಯಿತು. ಹೆಚ್ಚಿನವನ್ನು ಆಗಲೇ ಉದ್ದಕ್ಕೆ ಸೀಳಿ, ಅರ್ಧವನ್ನು ಚಿನ್ನದ ಪರೀಕ್ಷೆಗೆ ಕಳಿಸಿದ್ದರು. ಗುರುತಿನ ಗೆರೆ ಇದ್ದ ಮಗ್ಗುಲು ಹೋಗಿತ್ತು. ಅದಿರು ಸಿಗದ ಒಂದೇ ಒಂದು ರಂಧ್ರದ ಕೋರ್ ಮಾತ್ರ ಇಡಿಯಾಗಿ ಉಳಿದಿತ್ತು. ಅದರಲ್ಲಿ ಚಿನ್ನವಿಲ್ಲದ್ದರಿಂದ ಯಾರೂ ಅದನ್ನು ಮುಟ್ಟಿರಲಿಲ್ಲ.

ಆ ಪೆಟ್ಟಿಗೆಗಳ ಎದುರು ಕೂತೆ. ಅವನ ಅಳತೆ ನೋಡದೆ ನಾನೇ ಹೊಸದಾಗಿ ಅಳೆದೆ. ಆಮೇಲೆ ಹೋಲಿಸಿದೆ. ಅವನು ಬರೆದದ್ದೇ ಬಂತು. ಸೀಳು ಒಳಕ್ಕೆ ಇಳಿದಿತ್ತು. ಮರುದಿನ ಬಂದು ಇನ್ನೊಮ್ಮೆ ಅಳೆದೆ. ಅದೇ ಬಂತು. ಅವನ ಅಂಕಿಗಳಿಗೂ ನನ್ನವಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ಅಷ್ಟು ಚೊಕ್ಕವಾಗಿ ಅಳೆದಿದ್ದ.

ಅಲ್ಲಿಗೆ ಬಿಡಬಹುದಿತ್ತು. ಹಳ್ಳದ ದಂಡೆಯ ಬಂಡೆ ಜಾರಿದ್ದು, ಅವನು ಸರಿ, ನನ್ನದು ಹೊಟ್ಟೆಕಿಚ್ಚು ಎಂದು ಮುಗಿಸಬಹುದಿತ್ತು. ಪೆಟ್ಟಿಗೆಗಳ ಮುಚ್ಚಳ ಹಾಕಲು ಎದ್ದೆ. ಆಗ ಒಂದು ಮರದ ತುಂಡಿನ ಮೇಲೆ ಕಣ್ಣು ನಿಂತಿತು.

ಯಂತ್ರ ಒಂದು ಸಲಕ್ಕೆ ಇಷ್ಟುದ್ದ ಎಂದು ಕೊರೆದು ಕೋರ್ ಮೇಲೆತ್ತುತ್ತದೆ. ಪ್ರತಿ ಸಲ ಎತ್ತಿದ್ದು ಮುಗಿದಲ್ಲಿ ಆಳ ಬರೆದ ಒಂದು ಮರದ ತುಂಡು ಇಡುತ್ತಾರೆ. ಕೆಳತುದಿಯ ಗುರುತು ಹಾಕುವುದೂ ಆ ಸಲದ ಕೊನೆಯ ಕಲ್ಲಿಗೇ. ಹಾಗಾಗಿ ಗುರುತು ಮರದ ತುಂಡಿನ ಹಿಂದಿನ ಕಲ್ಲಿನ ಮೇಲೆ ಇರಬೇಕು. ಪೆಟ್ಟಿಗೆಯನ್ನು ಎಡದಿಂದ ಬಲಕ್ಕೆ ತುಂಬುತ್ತಾರೆ, ಆದ್ದರಿಂದ ಅದು ತುಂಡಿನ ಎಡಗಡೆ ಇರಬೇಕು. ಇಲ್ಲಿ ಬಲಗಡೆ ಇತ್ತು. ಮುಂದಿನ ಸಾಲಿನಲ್ಲೂ ಬಲಗಡೆ. ಎಲ್ಲ ಪೆಟ್ಟಿಗೆಗಳನ್ನು ಬಿಚ್ಚಿ ನೋಡಿದೆ. ಎಲ್ಲೆಲ್ಲೂ ಬಲಗಡೆ. ಒಂದು ಸಾಲಿಗೆ ಒಂದೇ ತುಂಡು ಬರುತ್ತಿದ್ದರಿಂದ ಆಳದ ಅಂಕಿಗಳು ಮಾತ್ರ ಸಾಲಿನಿಂದ ಸಾಲಿಗೆ ಸರಿಯಾಗಿಯೇ ಏರುತ್ತಿದ್ದವು.

ಒಂದೆರಡು ಕಡೆ ಅವನೂ ಇದನ್ನು ಗಮನಿಸಿದ್ದ. ಪೆಟ್ಟಿಗೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ “ತುಂಡು ಸರಿದಿದೆ” ಎಂದು ಬರೆದು ಮುಂದೆ ಹೋಗಿದ್ದ. ಸಾಗಣೆಯಲ್ಲಿ ತುಂಡು ಸರಿಯುವುದು ಇದ್ದದ್ದೇ. ಆದರೆ ಎಲ್ಲವೂ ಒಂದೇ ಕಡೆಗೆ ಸರಿಯುವುದಿಲ್ಲ.

ಗಿರಣಿಯಿಂದ ನೇರ ಗುಡ್ಡಕ್ಕೆ ಹೋದೆ. ಪಡುವಣ ಇಳಿಜಾರಿನ ಯಂತ್ರ ನಡೆಸುತ್ತಿದ್ದವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಮಸ್ಕಿಯವರು, ಗಡ್ಡಕ್ಕೆ ಮೆಹಂದಿ ಹಚ್ಚಿದ ಹಿರಿಯರು, ಬಾಯಿ ಬಲು ಜೋರು. ಆಗ ತಾನೇ ಕೋರ್ ಮೇಲೆತ್ತಿ ಪೆಟ್ಟಿಗೆ ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದರು. ನಾನು ದೂರ ನಿಂತು ನೋಡಿದೆ. ಮೊದಲ ಕಲ್ಲನ್ನು ಎತ್ತಿದರು. ಬಲಗಡೆಯ ತುದಿಗೆ ಇಟ್ಟರು. ಎರಡನೆಯದನ್ನು ಅದರ ಎಡಕ್ಕೆ ಇಟ್ಟರು. ಮೂರನೆಯದನ್ನು ಅದಕ್ಕೂ ಎಡಕ್ಕೆ.

“ಉಸ್ತಾದ್, ಯಾವಾಗ್ಲೂ ಬಲಗಡಿಂದs ಸುರು ಮಾಡ್ತೀರೇನು?”

“ಮತ್ಯಾಕಡಿಂದ ಮಾಡ್ಲಿ ರೀ ಮೇಡಂ?” ತಲೆ ಎತ್ತದೆ ಹೇಳಿದರು. “ಸಣ್ಣಾವ ಇದ್ದಾಗ ಉರ್ದು ಶಾಲ್ಯಾಗ ಕುಂತಾಂವ ನಾ. ಸಿಲೇಟು ಹಿಡಿದ್ರ ಬಲಗಡಿಂದ ಸುರು. ಕೈ ಹಂಗs ಹೋಗ್ತೈತಿ.”

“ಹಿಂದಿನ ಕೆಲಸದಾಗೂ ಹಿಂಗs ಇಟ್ಟೀರೇನು?”

“ಹಿಂದ ಇಡಾಕ ಬ್ಯಾರೆ ಆಳಿತ್ರೀ. ನಂದು ಯಂತ್ರದ್ದಷ್ಟs ಜಿಮ್ಮೇದಾರಿ. ಇಲ್ಲಿ ಆಳಿಲ್ಲ, ನಾನs ಇಡಾಕತ್ತೀನಿ.” ಈಗ ತಲೆ ಎತ್ತಿದರು. “ಯಾಕ್ರೀ, ಏನರ ಗಲತ್ ಆಗೈತೇನು?”

“ಯಾರೂ ಹೇಳಿಲ್ಲೇನು, ಎಡಗಡಿಂದ ಇಡಬೇಕಂತ?”

“ಯಾರು ಹೇಳ್ಬೇಕು? ಗೊರೇಬಾಳ ಸಾಹೇಬ್ರು ಬಂದ್ರ ಚಾ ಕುಡೀತಾರ, ನನ್ನ ಮಗನ ಲಗ್ನದ ಮಾತು ತಗೀತಾರ. ಇನ್ನ ನೀವು ಬಂದ್ರ,” ಎಂದು ಸ್ವಲ್ಪ ತಡೆದರು, “ನೀವು ನಮ್ಮ ಕಡಿ ಬರೋದs ಇಲ್ಲಲ್ರೀ.”

ನಿಜವೇ. ನನ್ನ ಯಂತ್ರ ಮೂಡಣದಲ್ಲಿತ್ತು.

ಆಮೇಲೆ ಎಲ್ಲ ಸ್ಪಷ್ಟವಾಯಿತು. ಉಸ್ತಾದರು ಬಲದಿಂದ ಎಡಕ್ಕೆ ಇಟ್ಟರು. ಗಿರಣಿಯಲ್ಲಿ ಅವನು ಎಡದಿಂದ ಬಲಕ್ಕೆ ಓದಿದ. ಪ್ರತಿ ಕಲ್ಲಿನ ಮೇಲ್ತುದಿಯನ್ನು ಕೆಳತುದಿ ಎಂದು ತಿಳಿದು ಅಳೆದ. ಬಹುತೇಕ ನೆಟ್ಟಗೆ ಕೊರೆದ ರಂಧ್ರದ ಕೋರ್ ತಲೆಕೆಳಗಾದರೆ, ಹೊರಕ್ಕೆ ಇಳಿದ ಸೀಳು ಒಳಕ್ಕೆ ಇಳಿದಂತೆ ಕಾಣುತ್ತದೆ. ಅವನ ಅಳತೆಯಲ್ಲಿ ಒಂದೂ ತಪ್ಪಿರಲಿಲ್ಲ. ಅದೇ ಅಳತೆಯನ್ನು ಎರಡು ಸಲ ಮಾಡಿ ನಾನೂ ಅದೇ ಉತ್ತರ ತಂದಿದ್ದೆ. ತುದಿ ತಿರುಗಿಸಿ ಮತ್ತೆ ಲೆಕ್ಕ ಹಾಕಿದೆ. ಹಳ್ಳದ ದಂಡೆಯಲ್ಲಿ ಕಂಡ ಓರೆಯೇ ಬಂತು. ಮೇಲಿನ ಕಲ್ಲು ಜಾರಿರಲಿಲ್ಲ. ಗುಡ್ಡ ಒಳಗೂ ಹಾಗೆಯೇ ಇತ್ತು.

ಗಿರಣಿಗೆ ವಾಪಸ್ಸಾಗಿ ಕೆಂಪು ಬಣ್ಣದ ಡಬ್ಬಿ ತೆಗೆದುಕೊಂಡೆ. ಆ ರಂಧ್ರದ ಮೊದಲ ಪೆಟ್ಟಿಗೆಯ ಅಂಚಿನ ಮೇಲೆ, ಮೇಲಿನಿಂದ ಕೆಳಕ್ಕೆ ಆಳ ಸಾಗುವ ದಿಕ್ಕಿಗೆ, ಅಂದರೆ ಬಲದಿಂದ ಎಡಕ್ಕೆ, ಒಂದು ದೊಡ್ಡ ಬಾಣ ಎಳೆದೆ. ಇನ್ನು ಯಾರು ನೋಡಿದರೂ ತಪ್ಪಾಗಬಾರದು ಎಂದು ಎಳೆದದ್ದು.

ಆಮೇಲೆ ಲ್ಯಾಪ್‌ಟಾಪ್ ತೆರೆದು ಮುಖ್ಯಸ್ಥರಿಗೆ ಬರೆಯತೊಡಗಿದೆ. ಚೆನ್ನಾಗಿ ಬಂತು. ಮೊದಲ ವಾಕ್ಯದಲ್ಲಿ ನಿರ್ಣಯ, ಆಮೇಲೆ ಸಾಕ್ಷ್ಯ, ಕೊನೆಗೆ ಶಿಫಾರಸು. ಒಂದು ವಿಶೇಷಣವೂ ಇಲ್ಲ. ಅವನ ಹೆಸರನ್ನು ಒಂದೇ ಸಲ, ಅದೂ ಬರೆಯಲೇಬೇಕಾದಲ್ಲಿ ಬರೆದೆ. ಅಷ್ಟು ಸಮಚಿತ್ತದಿಂದ ಬರೆದದ್ದನ್ನು ಓದಿದರೆ ಇದನ್ನು ಬರೆದವಳ ಹೊಟ್ಟೆಯಲ್ಲಿ ಏನಿದೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಳಿಸುವ ಗುಂಡಿಯ ಮೇಲೆ ಬೆರಳು ಇಟ್ಟೆ.

ಕಳಿಸಲಿಲ್ಲ. ಇದನ್ನು ದೊಡ್ಡತನ ಎಂದು ಯಾರೂ ತಿಳಿಯಬಾರದು. ಯಾರ ಬಗ್ಗೆ ಬರೆಯುತ್ತೀಯೋ ಅವರ ಮಾತು ಕೇಳದೆ ಅಚ್ಚಿಗೆ ಕೊಡಬಾರದು ಎಂಬುದು ಡೆಸ್ಕಿನಲ್ಲಿ ಕೈಗೆ ಅಂಟಿದ ಅಭ್ಯಾಸ. ಉಸ್ತಾದರ ಕೈ ಬಲಗಡೆಗೆ ಹೋಗುವಂತೆ ನನ್ನ ಕೈ ಅಲ್ಲಿ ನಿಂತಿತು. ಜೊತೆಗೆ ಇನ್ನೊಂದು ಕಾರಣವೂ ಇತ್ತು. ಗೊತ್ತಾಗುವ ಹೊತ್ತಿನಲ್ಲಿ ಅವನ ಮುಖ ನಾನು ನೋಡಬೇಕಿತ್ತು.

ಮರುದಿನ ಬೆಳಿಗ್ಗೆ ಅವನನ್ನು ಗಿರಣಿಗೆ ಕರೆದೆ. ಮಿರ್ಚಿಯ ಪೊಟ್ಟಣ ಹಿಡಿದೇ ಬಂದ. ಬಾಣವಿದ್ದ ಪೆಟ್ಟಿಗೆಯನ್ನು ಅವನ ಎದುರಿಗೆ ಸರಿಸಿದೆ. ಮರದ ತುಂಡಿನ ಕಡೆ ಬೆರಳು ತೋರಿಸಿದೆ.

ಮೊದಲು ಬಾಣ ನೋಡಿದ. ಆಮೇಲೆ ತುಂಡು, ಅದರ ಬಲಗಡೆಯ ಗುರುತು. ಬಗ್ಗಿ ಕಲ್ಲೊಂದನ್ನು ಎತ್ತಿ ಪಕ್ಕದ ಕಲ್ಲಿಗೆ ಜೋಡಿಸಿ ನೋಡಿದ. ಇನ್ನೊಂದು ಪೆಟ್ಟಿಗೆ ತೆಗೆದ. ತಾನೇ ಬರೆದ “ತುಂಡು ಸರಿದಿದೆ” ಎಂಬುದರ ಮೇಲೆ ಬೆರಳಾಡಿಸಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ತಪ್ಪನ್ನು ಉಸ್ತಾದರ ಮೇಲೆ ಹಾಕುತ್ತಾನೆ, ಇಲ್ಲವೆ ಲೆಕ್ಕಕ್ಕೆ ಇಳಿದು ವಾದ ಮಾಡುತ್ತಾನೆ, ಇವುಗಳಲ್ಲಿ ಒಂದಕ್ಕೆ ನಾನು ತಯಾರಿದ್ದೆ.

“ಯಪ್ಪಾ,” ಅಂದ. ಅರಳೆ ಮೂಟೆಗಳ ಹಳೆಯ ಕಟ್ಟೆಯ ಮೇಲೆ ಕೂತ. ಆಮೇಲೆ ನಗತೊಡಗಿದ. ನಾಟಕದ ನಗುವಲ್ಲ. ಹೆಗಲು ಕುಣಿಯುವಂತೆ ನಕ್ಕ. “ಅಕ್ಕಾ, ನಾ ಇಡೀ ಗುಡ್ಡಾನs ಬೋರಲ ಹಾಕಿ ಮಲಗಿಸೀನಲ್ಲ! ಅಲ್ಲಿ ಬಾಯಿ ತಗದಿದ್ರ ಮಂದಿ ಸಾಯ್ತಿದ್ರು.”

“ಹೌದು.”

“ನೀವು ಮುಖ್ಯಸ್ಥರಿಗೆ ಹೇಳೀರೇನು?”

“ಇಲ್ಲ. ಮೊದ್ಲು ನಿಮಗ ತೋರಸ್ಬೇಕಂತ.”

ನನ್ನನ್ನು ನೋಡಿದ. ಅವನ ಕಣ್ಣಲ್ಲಿ ನೀರಿತ್ತು, ನಕ್ಕಿದ್ದಕ್ಕೋ ಬೇರೆಯದಕ್ಕೋ ಗೊತ್ತಾಗಲಿಲ್ಲ. ಎದ್ದು ಬಂದು ನನ್ನ ಕಾಲು ಮುಟ್ಟಲು ಬಗ್ಗಿದ. ನಾನು ಹಿಂದೆ ಸರಿದೆ. ಅವನು ನನ್ನನ್ನು ಒಳ್ಳೆಯವಳೆಂದು ತಿಳಿದಿದ್ದ. ತಿದ್ದುವ ಧೈರ್ಯ ಬರಲಿಲ್ಲ. ಪೊಟ್ಟಣ ಬಿಚ್ಚಿ ಮೊದಲ ಮಿರ್ಚಿ ನನಗೆ ಕೊಟ್ಟ.

ಸಭೆಯಲ್ಲಿ ನಾನು ಸಿದ್ಧವಾಗಿಯೇ ಕೂತಿದ್ದೆ. ಪರದೆಯ ಮೇಲೆ ತೋರಿಸಲು ಚಿತ್ರಗಳಿದ್ದವು, ಎರಡೂ ಲೆಕ್ಕಗಳನ್ನು ಅಕ್ಕಪಕ್ಕದಲ್ಲಿ ಇಟ್ಟಿದ್ದೆ. ಮುಖ್ಯಸ್ಥರು ಕೂತ ಕೂಡಲೇ ಅವನು ಎದ್ದು ನಿಂತ.

“ಸರ್, ಪಡುವಣದ ಗೂಟ ನಾನೇ ಕೀಳ್ತೀನಿ,” ಅಂದ. ಮುಖ್ಯಸ್ಥರು ದಕ್ಷಿಣದ ಹಳೆಯ ಗಣಿಗಳಲ್ಲಿ ಕೆಲಸ ಮಾಡಿ ಬಂದವರು, ಅವರ ಎದುರಿಗೆ ಅವನು ಪುಸ್ತಕದ ಕನ್ನಡ ಮಾತಾಡಲು ಪ್ರಯತ್ನಿಸುತ್ತಿದ್ದ. “ನನ್ನ ಅಳತೆಯೆಲ್ಲ ತಲೆಕೆಳಗು. ಉಸ್ತಾದರು ಅವರ ಅಭ್ಯಾಸದಂತೆ ಇಟ್ಟರು. ಹೇಗೆ ಇಡಬೇಕೆಂದು ಅವರಿಗೆ ನಾನು ಹೇಳಿರಲಿಲ್ಲ, ಹೇಗೆ ಇಟ್ಟರೆಂದು ಕೇಳಲೂ ಇಲ್ಲ. ಅವರ ಜೊತೆ ದಿನಾ ಚಾ ಕುಡಿದೆ ಸರ್. ಅದೊಂದು ಕೇಳ್ಲಿಲ್ಲ.” ಎಲ್ಲರೂ ಅವನನ್ನೇ ನೋಡುತ್ತಿದ್ದರು. “ಕಂಡುಹಿಡಿದದ್ದು ಅಕ್ಕ. ಇನ್ನು ಮೇಲೆ ಪ್ರತಿ ಪೆಟ್ಟಿಗೆಗೂ ಕೆಂಪು ಬಾಣ ಹಾಕಬೇಕು. ಅದೂ ಅಕ್ಕನ ಐಡಿಯಾ.”

ಅವನು ಎಲ್ಲವನ್ನೂ ಸರಿಯಾಗಿಯೇ ಹೇಳಿದ. ನನಗೆ ಸಲ್ಲಬೇಕಾದ್ದನ್ನು ಎರಡು ಸಲ ಸಲ್ಲಿಸಿದ. ದೂರಲು ನನಗೆ ಏನೂ ಉಳಿಸಲಿಲ್ಲ.

ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇಷ್ಟು ವರ್ಷದಲ್ಲಿ,” ಅಂದರು, “ಸಭೆಯಲ್ಲಿ ಎದ್ದು ನಿಂತು ತನ್ನದೇ ವರದಿ ಹರಿದವನನ್ನು ನಾನು ನೋಡಿದ್ದು ಇದೇ ಮೊದಲು.” ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ನಾನೂ ತಟ್ಟಿದೆ. ನನ್ನ ಲ್ಯಾಪ್‌ಟಾಪಿನ ಪರದೆ ಆರಿಹೋಗಿತ್ತು. ಆ ಚಿತ್ರಗಳನ್ನು ಆಮೇಲೆ ತೋರಿಸಿದೆ. ಎಲ್ಲರೂ ಗಮನವಿಟ್ಟು ನೋಡಿದರು. ಆದರೆ ಸಭೆ ಆಗಲೇ ಮುಗಿದಿತ್ತು.

ಮೂಡಣದ ಗೂಟ ನಿಂತಿತು. ಸುರಂಗದ ಹೊಣೆ ನನಗೆ ಬಂತು. ಮುಖ್ಯಸ್ಥರು ಕೈ ಕುಲುಕಿ ಅಭಿನಂದಿಸಿದರು. ಅವನು ಅವರಿಗಿಂತ ಜೋರಾಗಿ ಕುಲುಕಿದ. ಅಂದು ಸಂಜೆ ಉಸ್ತಾದರು ನನ್ನ ಬಳಿಗೆ ಬಂದರು. ಅವರಿಗೆ ಬೇಸರವಾಗಿತ್ತು.

“ನನ್ನ ಕೈಯಿಂದ ಸಾಹೇಬ್ರಿಗೆ ಮಾತು ಬಂತಲ್ರೀ.”

“ನಿಮ್ಮ ತಪ್ಪಿಲ್ಲ ಉಸ್ತಾದ್. ಅವರೂ ಹಂಗs ಅಂದ್ರು.”

“ಅವರು ಅನ್ನೋರs ಬಿಡ್ರೀ. ಎಂಥಾ ದಿಲ್‌ದಾರ್ ಮನಶ್ಯಾ!” ಎಂದು ತಲೆ ಆಡಿಸಿದರು. ನನಗೆ ಏನು ಹೇಳಬೇಕು ಎಂದು ಸ್ವಲ್ಪ ಯೋಚಿಸಿದರು. “ನೀವೂ ಚಲೋನs ನೋಡೀರಿ ಮೇಡಂ.”

ಮಳೆ ನಿಂತ ಮೇಲೆ, ಹೇಳಿದ ಮಾತಿನಂತೆ, ಅವನು ತಾನೇ ನಿಂತು ಪಡುವಣದಲ್ಲಿ ಕಂದಕ ತೋಡಿಸಿದ. ಎರೆ ಒಣಗಿ ಬಿರುಕು ಬಿಟ್ಟಿತ್ತು, ಜೆಸಿಬಿ ಸಲೀಸಾಗಿ ದಾಟಿತು. ತಳದಲ್ಲಿ ಮೂಲ ಬಂಡೆ ಬಯಲಾಯಿತು. ಸೀಳುಗಳು ಹೊರಕ್ಕೆ ಇಳಿದಿದ್ದವು. ಅವನು ಕಂದಕದೊಳಗೆ ಇಳಿದು, ಒಂದು ಹಾಳೆಯ ಮೇಲೆ ಆ ಗೋಡೆಯ ಚಿತ್ರ ಬರೆದು ನನಗೆ ಕೊಟ್ಟ. ಪ್ರತಿ ಸೀಳೂ ಇದ್ದಲ್ಲೇ ಇತ್ತು. ನನ್ನ ವರದಿಯಲ್ಲಿ ಅದನ್ನೇ ಹಾಕಿದೆ, ಬರೆದವರ ಹೆಸರಿನೊಂದಿಗೆ. ಅದಕ್ಕಿಂತ ಒಳ್ಳೆಯ ಚಿತ್ರ ನನ್ನ ಕೈಯಿಂದ ಆಗುತ್ತಿರಲಿಲ್ಲ.

ಆಮೇಲೆ ಅವನನ್ನು ಬೇರೆ ಜಿಲ್ಲೆಯ ಕೆಲಸಕ್ಕೆ ಕಳಿಸಿದರು. ಹೋಗುವ ದಿನ ಕುರಿಯ ಹೆಂಗಸು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು ಅತ್ತಳಂತೆ. ಇದು ಕೇಳಿದ್ದು, ಕಂಡದ್ದಲ್ಲ.

ಮೂಡಣದಲ್ಲಿ ಸುರಂಗದ ಬಾಯಿ ತೆರೆಯುವ ಮುನ್ನ ಇನ್ನಷ್ಟು ರಂಧ್ರಗಳನ್ನು ಕೊರೆಸುತ್ತಿದ್ದೇನೆ. ಹೊಸ ಯಂತ್ರಗಳು ಬಂದಿವೆ, ಹೊಸ ಆಳುಗಳು ಬಂದಿದ್ದಾರೆ. ಕೆಲವರು ಸಿಂಧನೂರು ಕಡೆಯವರು, ಕೆಲವರು ತೆಲುಗಿನವರು. ಹಳೆಯ ಕೆಲಸದವರಲ್ಲಿ ಉಳಿದವರು ಈಗ ಮೂಡಣಕ್ಕೆ ಬಂದಿರುವ ಉಸ್ತಾದರೊಬ್ಬರೇ, ಬೇರೆ ಯಾರೂ ಅವನನ್ನು ಕಣ್ಣಾರೆ ಕಂಡಿಲ್ಲ. ಕೆಲಸದ ನಿಯಮಗಳಲ್ಲಿ ನಾನೇ ಬರೆದಿದ್ದೇನೆ: ಪ್ರತಿ ಪೆಟ್ಟಿಗೆಯ ಅಂಚಿನ ಮೇಲೆ ಆಳ ಸಾಗುವ ದಿಕ್ಕಿಗೆ ಕೆಂಪು ಬಾಣ ಹಾಕತಕ್ಕದ್ದು. ಎಡದಿಂದ ಇಡಿ, ಬಲದಿಂದ ಇಡಿ, ಬಾಣವಿರಲಿ. ಉಸ್ತಾದರು ಈಗಲೂ ಬಲದಿಂದಲೇ ಇಡುತ್ತಾರೆ, ಅವರ ಬಾಣ ಎಡಕ್ಕೆ ನೋಡುತ್ತದೆ. ಯಾವ ಗೊಂದಲವೂ ಇಲ್ಲ.

ಮೊನ್ನೆ ಗಿರಣಿಗೆ ಪೆಟ್ಟಿಗೆಗಳು ಬಂದಿಳಿದವು. ಒಂದರ ಅಂಚು ಬೋಳಾಗಿತ್ತು. ಉಸ್ತಾದರು ದೂರದಿಂದಲೇ ಆಳನ್ನು ಗದರಿದರು: “ಲೇ, ಇದಕ್ಕ ಗೊರೇಬಾಳ ಯಾಕ ಹೊಡದಿಲ್ಲಲೇ?”

“ಮರ್ತೀನ್ರಿ ಉಸ್ತಾದ್, ಈಗ ಹೊಡೀತೀನಿ,” ಎಂದು ಆ ಆಳು ಬಣ್ಣದ ಡಬ್ಬಿಗೆ ಓಡಿದ. ಗೊರೇಬಾಳ ಎಂಬುದು ಒಂದು ಊರು, ಅಲ್ಲಿಂದ ಒಬ್ಬ ಮನುಷ್ಯ ಬರುತ್ತಿದ್ದ ಎಂಬುದು ಅವನಿಗೆ ಗೊತ್ತಿದ್ದಂತಿಲ್ಲ. ಅವನಿಗೆ ಅದು ಬಾಣದ ಹೆಸರು. ಸೈಟಿನಲ್ಲಿ ಈಗ ಎಲ್ಲರೂ ಹಾಗೆಯೇ ಅನ್ನುತ್ತಾರೆ.

ಬಣ್ಣ ಹಚ್ಚಿ ಮುಗಿಸಿ ಆಳು ಎದ್ದು ನಿಂತ. ನಾನು ಮುಂದಿನ ಪೆಟ್ಟಿಗೆ ಎಳೆದುಕೊಂಡೆ. ಅದರ ಅಂಚೂ ಬೋಳಾಗಿತ್ತು.

“ಇದಕ್ಕೂ ಇಲ್ಲ ನೋಡು,” ಅಂದೆ. “ಗೊರೇಬಾಳ ಹೊಡಿ.”